ಏಳರಿಂದ ಭಾಗ ಹೋಗುತ್ತಾ ಅಕ್ಕಾ

ನಮ್ಮಕ್ಕ ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದವಳು ಸೀಮೆಸುಣ್ಣ ಹಿಡಿದುಕೊಂಡೇ ಕುಸಿದು ಬಿದ್ದಳಂತೆ. ನಾನಾಗ ಮೊಳಕಾಲ್ಮುರಿನ ಮನೆಯಲ್ಲಿ ಮಗ್ಗದ ಮೇಲೆ ಕೂತಿದ್ದೆ. ಬಾವ ಫೋನು ಮಾಡಿ, "ನಿಮ್ಮಕ್ಕ ಮಾತಾಡ್ತಿಲ್ಲ, ಬೇಗ ಬಾ" ಅಂದರು. ಅಷ್ಟೇ ಹೇಳಿದ್ದು. ಕೋಪ ಮಾಡಿಕೊಂಡು ಮಾತು ಬಿಟ್ಟಿದ್ದಾಳೇನೋ ಅಂತ ಒಂದು ಗಳಿಗೆ ನನಗೆ ನಗು ಬಂತು. ಆಮೇಲೆ ಫೋನಿನಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು.

ಮೆದುಳಿನ ಬುಡಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಉಳಿದದ್ದು ಜೀವ ಮಾತ್ರ. ಕೈಯಿಲ್ಲ, ಕಾಲಿಲ್ಲ, ನಾಲಗೆಯಿಲ್ಲ, ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಉಸಿರಿಗೆ ಗಂಟಲಿನಲ್ಲಿ ತೂತು, ಗಂಜಿಗೆ ಮೂಗಿನಲ್ಲಿ ಕೊಳವೆ. ಕಣ್ಣು ಮಾತ್ರ ತೆರೆದಿರುತ್ತಿತ್ತು. "ಕಣ್ಣು ತೆರೆದಿದೆ ಅಂತ ಎಚ್ಚರ ಇದೆ ಅಂದ್ಕೋಬೇಡಿ. ಒಳಗೆ ಅರಿವಿರೋ ಲಕ್ಷಣ ನಮಗೆ ಕಾಣ್ತಿಲ್ಲ" ಅಂತ ಅಲ್ಲಿನವರು ಹೇಳಿ, ಮನೆಯಲ್ಲಿ ನೋಡಿಕೊಳ್ಳುವ ರೀತಿ ಕಲಿಸಿ ಕಳಿಸಿದರು.

ಚಳ್ಳಕೆರೆಯ ಅಕ್ಕನ ಮನೆ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ. ನಡುಮನೆಯಲ್ಲಿ ಆಸ್ಪತ್ರೆಯ ಥರದ ಮಂಚ ಹಾಕಿಸಿದರು. ನಾನು ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಮೊಳಕಾಲ್ಮುರಿನಲ್ಲಿ. ಮಗ್ಗವನ್ನು ನನ್ನ ಗಂಡನಿಗೆ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಹಾನಗಲ್, ಬಿ.ಜಿ. ಕೆರೆ, ತಳಕು ದಾಟಿ ಚಳ್ಳಕೆರೆ ಮುಟ್ಟುವವರೆಗೂ ಒಂದೇ ಯೋಚನೆ. ಇವತ್ತು ಬಾಗಿಲು ತೆಗೆದ ಕೂಡಲೇ "ಬಂದ್ಯಾ?" ಅಂತಾಳೇನೋ. ಅನ್ನುತ್ತಿರಲಿಲ್ಲ.

ಮೈ ಒರೆಸುವುದು, ಕೊಳವೆಯಲ್ಲಿ ರಾಗಿ ಗಂಜಿ ಬಿಡುವುದು, ಗಂಟಲಿನ ಕಫ ಎಳೆಯುವುದು, ಮಗ್ಗುಲು ಬದಲಿಸುವುದು. ಅಕ್ಕನಿಗೆ ಮಕ್ಕಳಿರಲಿಲ್ಲ. ಬಾವ ಮತ್ತು ಅವರ ತಾಯಿ, ನಾನು ಅತ್ತೆ ಅಂತ ಕರೆಯುವವರು, ಇಬ್ಬರೇ ಮನೆಯಲ್ಲಿ. ಅವರೇನೂ ಕೆಟ್ಟವರಲ್ಲ. ಬಾವ ಮೊದಮೊದಲು ದಿನಾ ಬೆಳಗ್ಗೆ ಅಕ್ಕನ ಪಕ್ಕ ಕೂತು ತಲೆ ಬಾಚುತ್ತಿದ್ದರು. ಬರುಬರುತ್ತಾ ಅವರ ಮುಖ ಒಣಗಿತು. ಬಾಚುವುದು ಬಿಟ್ಟರು. ಮಂಚದ ಹತ್ತಿರ ಬಂದರೂ ಕೊಳವೆಯನ್ನು ನೋಡುತ್ತಿದ್ದರೇ ಹೊರತು ಮುಖವನ್ನು ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಕ್ಕನ ಉಗುರು ಕತ್ತರಿಸುತ್ತಿದ್ದೆ. ಬಾವ ಮಂಚದ ಕಾಲ್ದೆಸೆ ನಿಂತು ಅವರ ತಾಯಿಗೆ ಹೇಳಿದರು: "ಮೂಗಿನ ಕೊಳವೆ ಬದಲಾಯಿಸೋಕೆ ಡಾಕ್ಟ್ರು ಬರ್ತಾರೆ. ಈ ಸಲ ತೆಗೆದ್ರೆ ಮತ್ತೆ ಹಾಕೋದು ಬ್ಯಾಡ ಅಂತ ಹೇಳ್ತೀನವ್ವ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೂಂ ಅಂದರು. "ಆ ಜೀವಕ್ಕಾದ್ರೂ ಬಿಡುಗಡೆ ಆಗ್ಲಿ ಬಿಡಪ್ಪ. ಒಳಗ್ಯಾರೂ ಇಲ್ಲ ಅಂದ್ಮ್ಯಾಲೆ."

ನಾನು ತಲೆಯೆತ್ತಿದೆ. ಅಕ್ಕನ ಕಣ್ಣು ಮೇಲಕ್ಕೆ ಹೋಯಿತು. ಇಳಿಯಿತು. ಮತ್ತೆ ಮೇಲಕ್ಕೆ ಹೋಯಿತು. ಎಡಕ್ಕೂ ಬಲಕ್ಕೂ ಅದು ಹೊರಳುತ್ತಿರಲಿಲ್ಲ. ಮೇಲೆ ಕೆಳಗೆ ಮಾತ್ರ.

"ಬಾವ, ಆಕೆಗೆ ಕೇಳಿಸ್ತೈತೆ ಕಣ್ರೀ! ನೋಡ್ರಿ!"

ಅವರು ನೋಡಿದರು. ಅಷ್ಟರಲ್ಲಿ ಕಣ್ಣು ನಿಂತುಬಿಟ್ಟಿತ್ತು. "ಗೋಡೆ ಮ್ಯಾಲೆ ಹಲ್ಲಿ ಓಡಿದ್ರೂ ಕಣ್ಣು ಹಂಗೇ ಹೋಗುತ್ತೆ. ಆಸ್ಪತ್ರೆಯಲ್ಲೇ ಹೇಳಿದಾರಲ್ಲ. ನಿನ್ನ ಸಂಕಟ ನಂಗೆ ಗೊತ್ತಾಗುತ್ತಮ್ಮ" ಅಂದು ಆಚೆ ಹೋದರು.

ಅಕ್ಕನೂ ನಾನೂ ನಮ್ಮೊಳಗೆ ಆಡುವುದು ತೆಲುಗು. ಅವರು ಹೋದಮೇಲೆ ನಾನು ಅಕ್ಕನ ಮುಖದ ಮೇಲೆ ಬಗ್ಗಿ, "ಅಕ್ಕಾ, ವಿನಪಡ್ತಾ ಉಂದಾ?" ಅಂತ ಕೇಳಿದೆ. ಕೇಳಿಸ್ತಿದೆಯಾ ಅಂತ. ಕೇಳಿಸಿದರೆ ಕಣ್ಣು ಮೇಲೆ ಮಾಡು, ಇಲ್ಲದಿದ್ದರೆ ಮುಚ್ಚು. ಕಣ್ಣು ಮೇಲೆ ಹೋಯಿತು. ನಾನು ನಿನ್ನ ತಂಗಿ ಹೌದಾ? ಮೇಲೆ. ಇದು ಮೊಳಕಾಲ್ಮುರಾ? ಮುಚ್ಚಿತು. ಬಾವನನ್ನು ಕೂಗಿ ಕರೆದು ಮತ್ತೆ ಕೇಳಿದೆ. ಅಷ್ಟು ಹೊತ್ತಿಗೆ ಅಕ್ಕ ಸೋತಿದ್ದಳು. ರೆಪ್ಪೆ ಅರ್ಧ ಇಳಿದು ಅಲ್ಲೇ ನಿಂತಿತು. ಇನ್ನೊಂದು ಸಲ ಕೇಳಿದಾಗ ಮುಚ್ಚಬೇಕಾದ ಕಣ್ಣು ಮೇಲೆ ಹೋಯಿತು.

"ನಿಂಗೆ ಉತ್ತರ ಗೊತ್ತೈತೆ. ನಿಂಗೆ ಬೇಕಾದ್ದು ಕಂಡಾಗ ಹೌದು ಅಂತೀಯ, ಕಾಣದಿದ್ರೆ ಸುಸ್ತಾಗಿದ್ದಾಳೆ ಅಂತೀಯ" ಅಂದರು ಬಾವ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಕ್ಕನಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದನ್ನು ಕೇಳಬೇಕು. ಅಂಥದ್ದು ಏನಿದೆ? ಬಸ್ಸಿನಲ್ಲಿ ಊರಿಗೆ ವಾಪಸ್ಸು ಹೋಗುವಾಗ ಇದೇ ಕುಟುಕುತ್ತಿತ್ತು. ಬಾಲ್ಯದ ಮಾತು ಕೇಳಿದರೆ ಅದು ನನಗೂ ಗೊತ್ತು. ಗಂಡನ ಮನೆಯದು ಕೇಳಿದರೆ ಬಾವನಿಗೆ ಗೊತ್ತು. ತಾವೂ ಬೇಕಾದ್ದನ್ನೇ ಕಂಡೆವು ಅಂದುಕೊಳ್ಳಬಹುದು. ಬೇಕಾದ್ದು ಯಾರಿಗೂ ಗೊತ್ತಿಲ್ಲದ, ಅಕ್ಕ ಮಾತ್ರ ಕಂಡುಹಿಡಿಯಬಲ್ಲ, ಆಮೇಲೆ ಸರಿಯೋ ತಪ್ಪೋ ಅಂತ ಎಲ್ಲರೂ ನೋಡಬಲ್ಲ ಉತ್ತರ.

ಲೆಕ್ಕ. ಲೆಕ್ಕವೊಂದೇ ಹಂಗಿರುವುದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾಗಿ ಓದು ಬಿಟ್ಟವಳು ನಾನು. ಅಕ್ಕನಿಗೋ, ದೊಡ್ಡ ಸಂಖ್ಯೆ ಕಂಡರೆ ತಿಂಡಿ ಕಂಡ ಹಾಗೆ. ಮುಂದೆ ಹೋಗುವ ಲಾರಿಯ ನಂಬರ್ ನೋಡಿ, "ಹದಿಮೂರರಿಂದ ಹೋಗುತ್ತೆ" ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಯಾಕೆ ಬೇಕು ಇದೆಲ್ಲ ಅಂದರೆ, "ಮನುಷ್ಯರ ಥರಾನೇ ಸಂಖ್ಯೆಗೂ ಒಂದು ಗುಣ ಇರುತ್ತೆ ಕಣೇ" ಅನ್ನುತ್ತಿದ್ದಳು.

ಕೊಳವೆ ಬದಲಿಸುವ ದಿನ ನಾನು ಮೊದಲ ಬಸ್ಸಿಗೇ ಬಂದೆ. ಡಾಕ್ಟರು ಅದೇ ಊರಿನವರು, ವಯಸ್ಸಿನಲ್ಲಿ ಚಿಕ್ಕವರು. ಚೀಲ ಇಟ್ಟು ಕೈ ತೊಳೆಯುವಾಗಲೇ ಬಾವ ತಮ್ಮ ಮಾತು ಹೇಳಿದರು. ಡಾಕ್ಟರು ಟವೆಲಿನಲ್ಲಿ ಕೈ ಒರೆಸಿಕೊಂಡರು. ನಾನು ಮಂಚಕ್ಕೂ ಅವರಿಗೂ ನಡುವೆ ನಿಂತೆ.

"ಡಾಕ್ಟ್ರೇ, ಒಂದೇ ಒಂದು ಸಲ ನೀವೇ ಕೇಳಿ ನೋಡ್ರಿ. ನಿಮ್ಮ ಮನಸಿಗೆ ಬಂದ ದೊಡ್ಡ ನಂಬರ್ ಬರೀರಿ. ಎಷ್ಟರಿಂದ ಭಾಗ ಹೋಗುತ್ತೆ ಅಂತ ನಿಮಗೂ ಗೊತ್ತಿರಬಾರ್ದು. ಅಕ್ಕನ್ನ ಕೇಳ್ರಿ. ತಪ್ಪು ಹೇಳಿದ್ರೆ ನಾನು ಇನ್ನು ಬಾಯಿ ಬಿಡಲ್ಲ."

"ಸುಮ್ನಿರಮ್ಮ" ಅಂದರು ಬಾವ.

ಡಾಕ್ಟರು ಬಾವನ ಕಡೆ ನೋಡಿ, "ನೋಡೋಣ ಸರ್. ನೋಡೋದ್ರಲ್ಲಿ ತಪ್ಪೇನೂ ಇಲ್ಲ" ಅಂದರು. ಔಷಧಿ ಬರೆಯುವ ಚೀಟಿಯ ಹಿಂದೆ ಎಂಟು ಅಂಕೆ ಬರೆದು ಅಕ್ಕನ ಕಣ್ಣಿನ ನೇರಕ್ಕೆ ಹಿಡಿದರು. 5,18,32,767. ಐದು ಕೋಟಿ ಹದಿನೆಂಟು ಲಕ್ಷದ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು. ನನಗಂತೂ ಅದು ಬರೀ ಇರುವೆ ಸಾಲು.

"ಮೇಡಂ, ಹೌದು ಅಂದ್ರೆ ಕಣ್ಣು ಮೇಲೆ ಮಾಡಿ. ಇಲ್ಲ ಅಂದ್ರೆ ಮುಚ್ಚಿ. ಇದು ಮೂರರಿಂದ ಭಾಗ ಹೋಗುತ್ತಾ?"

ಕಣ್ಣು ಚೀಟಿಯ ಮೇಲೆ ನಿಂತಿತು. ಆಮೇಲೆ ಮೇಲೆ ಹೋಯಿತು.

"ಒಂಬತ್ತರಿಂದ?"

ಮುಚ್ಚಿತು.

ಡಾಕ್ಟರು ಮೊಬೈಲ್ ತೆಗೆಯಲಿಲ್ಲ. ಬೆರಳಿನಲ್ಲಿ ಅಂಕೆಗಳನ್ನು ಕೂಡಿದರು. ಮೂವತ್ತೊಂಬತ್ತು. ಮೂರರ ಮಗ್ಗಿಯಲ್ಲಿದೆ, ಒಂಬತ್ತರ ಮಗ್ಗಿಯಲ್ಲಿಲ್ಲ. "ಇದು ಸುಲಭದ್ದು" ಅಂದರು, ನಮಗೋ ತಮಗೋ ತಿಳಿಯದು. "ಮೇಡಂ, ಏಳರಿಂದ ಹೋಗುತ್ತಾ?"

ಕಣ್ಣು ಅಲ್ಲಾಡಲಿಲ್ಲ. ಹೊರಗೆ ಮಿಲ್ಲಿನ ಸದ್ದು ಬಿಟ್ಟರೆ ಏನೂ ಇಲ್ಲ. ಅತ್ತೆ ಮೆಲ್ಲಗೆ, "ನಿದ್ದೆ ಹೋದ್ಲು ಕಾಣುತ್ತೆ" ಅಂದರು. ಬಾವ ಗೋಡೆಯ ಕಡೆ ತಿರುಗಿಕೊಂಡರು. ನಾನು ತಡೆಯಲಾರದೆ ಬಗ್ಗಿ, "ಏಳರಿಂದ ಭಾಗ ಹೋಗುತ್ತಾ ಅಕ್ಕಾ, ಹೇಳಕ್ಕಾ" ಅಂದೆ. ಡಾಕ್ಟರು ಕೈ ಎತ್ತಿ ನನ್ನನ್ನು ಹಿಂದೆ ಸರಿಸಿದರು. "ಟೈಮ್ ಕೊಡಿ. ಏಳರದ್ದು ಕಷ್ಟ. ನಂಗೇ ಬರಲ್ಲ."

ಕಣ್ಣು ಮೇಲೆ ಹೋಯಿತು. ಮೇಲೆ ಹೋಗಿ ಅಲ್ಲೇ ನಿಂತಿತು, ನೋಡಿದಿರಾ ಅನ್ನುವ ಹಾಗೆ.

ಡಾಕ್ಟರು ಮೊಬೈಲಿನಲ್ಲಿ ಒತ್ತಿದರು. ಎಪ್ಪತ್ತನಾಲ್ಕು ಲಕ್ಷದ ನಾಲ್ಕು ಸಾವಿರದ ಆರುನೂರ ಎಂಬತ್ತೊಂದು. ಚುಕ್ಕಿ ಇಲ್ಲ, ಶೇಷ ಇಲ್ಲ. ಅವರು ಆ ಪರದೆಯನ್ನು ಬಾವನಿಗೆ ತೋರಿಸಿದರು.

"ಇನ್ನೊಂದು" ಅಂದರು ಡಾಕ್ಟರು. "ಹನ್ನೊಂದರಿಂದ?" ಮುಚ್ಚಿತು. "ಹೋಗಲ್ಲ ಅಂತೀರಿ. ಹಾಗಾದ್ರೆ ಶೇಷ ಎಷ್ಟು? ನಾನು ಒಂದರಿಂದ ಹೇಳ್ತಾ ಹೋಗ್ತೀನಿ. ಬಂದಾಗ ಕಣ್ಣು ಮೇಲೆ ಮಾಡಿ." ಒಂದೊಂದೇ ಹೇಳಿದರು, ನಡುವೆ ಬಿಟ್ಟು ಬಿಟ್ಟು, ಮುಖವನ್ನು ಬೇಕೆಂದೇ ಬೇರೆ ಕಡೆ ಮಾಡಿಕೊಂಡು. ನನಗೆ ನೋಡಲು ಹೇಳಿದ್ದರು. ಐದು ದಾಟಿತು, ಆರು ದಾಟಿತು, ಏಳು ದಾಟಿತು. ಎಂಟು ಅಂದಾಗ ಕಣ್ಣು ಹಾರಿತು.

ಹನ್ನೊಂದರಿಂದ ಭಾಗಿಸಿ, ಗುಣಿಸಿ, ಕಳೆದು ನೋಡಿದರು. ಉಳಿದದ್ದು ಎಂಟು.

ಡಾಕ್ಟರು ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಅಕ್ಕನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, "ಮೇಡಂ, ನೀವು ಇಲ್ಲೇ ಇದೀರಿ. ಇಷ್ಟು ದಿನ ನಾವ್ಯಾರೂ ನಿಮ್ಮ ಜೊತೆ ಮಾತಾಡ್ಲಿಲ್ಲ, ನಿಮ್ಮ ಬಗ್ಗೆ ಮಾತಾಡಿದ್ವಿ. ಕ್ಷಮಿಸಿ" ಅಂದರು. ಆಮೇಲೆ ಹೊಸ ಕೊಳವೆ ತೆಗೆದರು. ಯಾರೂ ಬೇಡ ಅನ್ನಲಿಲ್ಲ.

ಅವರು ಹೋದಮೇಲೆ ಬಾವ ಮಂಚದ ಹತ್ತಿರ ಬಂದರು. ಎಷ್ಟೋ ದಿನದ ಮೇಲೆ ಅಕ್ಕನ ಮುಖ ನೋಡಿದರು. "ಅವತ್ತು ಅವ್ವನ ಹತ್ರ ನಾನು ಆಡಿದ್ದು... ನಿಂಗೆ ಕೇಳಿಸ್ತಾ?" ಅಂದರು.

ಕಣ್ಣು ಮೇಲೆ ಹೋಯಿತು.

ಬಾವ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುರಿಯುವ ಸದ್ದಿನಲ್ಲಿ ಅತ್ತರು. ಆ ಗಂಡಸಿನ ಅಳು ಈಗಲೂ ನನ್ನ ಕಿವಿಯಲ್ಲಿದೆ. ನಾನು ಗೆದ್ದೆ ಅಂತ ನನಗೆ ಅನಿಸಲೇ ಇಲ್ಲ. ಒಂದು ಬಾಗಿಲು ತೆರೆದರೆ ಒಳಗೆ ಅಕ್ಕ ಅಷ್ಟೂ ಕಾಲ ಒಬ್ಬಳೇ ಎಚ್ಚರವಾಗಿ ಕೂತಿದ್ದಳು. ಅದನ್ನು ಹೇಗೆ ಸಹಿಸುವುದು?

ಮರುದಿನ ಅಕ್ಷರ ಕೂಡಿಸಿ ಮಾತಾಡುವ ದಾರಿ ಹುಡುಕಿದೆವು. ಆಡುವುದು ತೆಲುಗಾದರೂ ನಮ್ಮಿಬ್ಬರಿಗೂ ಬರೆಯಲು ಬರುವುದು ಕನ್ನಡ. ನಾನು ಸಾಲು ಹೇಳುತ್ತಿದ್ದೆ: ಸ್ವರ, ಕ ಸಾಲು, ಚ ಸಾಲು, ಟ ಸಾಲು, ಹೀಗೆ. ಕಣ್ಣು ಮೇಲೆ ಹೋದ ಸಾಲಿನಲ್ಲಿ ಒಂದೊಂದೇ ಅಕ್ಷರ, ಆಮೇಲೆ ಅದರ ಕಾಗುಣಿತ. ಒಂದು ಪದಕ್ಕೆ ಒಲೆಯ ಮೇಲೆ ಅನ್ನ ಆಗುವಷ್ಟು ಹೊತ್ತು. ಮೊದಲನೆಯದು ಸ್ವರದಲ್ಲಿ ಎ. ಟ ಸಾಲಿನಲ್ಲಿ ಡ. ಏನು ಹೇಳುತ್ತಾಳೆ? ಬೈಯುತ್ತಾಳಾ? ಅಮ್ಮನನ್ನು ಕೇಳುತ್ತಾಳಾ? ಕಿ ಬಂತು. ಕೊನೆಗೆ ವಿ.

ಎಡಕಿವಿ.

ತಲೆ ಎತ್ತಿ ನೋಡಿದೆ. ಎಡಗಿವಿ ಮಡಚಿಕೊಂಡು ದಿಂಬಿನಡಿ ಸಿಕ್ಕಿತ್ತು. ಬಿಡಿಸಿದರೆ ಹಿಂದೆ ಚರ್ಮ ಸುಲಿದು ಹಸಿಯಾಗಿತ್ತು. ಸ್ನಾನ ಮಾಡಿಸಿದ್ದೆವು, ಪೌಡರ್ ಹಚ್ಚಿದ್ದೆವು, ತಲೆ ಎತ್ತಿ ಇಳಿಸಿದ್ದೆವು. ಪ್ರತಿ ಸಲವೂ ಕಿವಿ ಮಡಚಿಯೇ ಮಲಗಿಸಿದ್ದೆವು. ಅಷ್ಟೂ ದಿನದ ಮೇಲೆ ಲೋಕಕ್ಕೆ ಅಕ್ಕ ಹೇಳಿದ ಮೊದಲ ಮಾತು ಅದು. ಅತ್ತೆ ಹರಳೆಣ್ಣೆ ತಂದು, ಹಚ್ಚಲಾ ಬೇಡವಾ ಅಂತ ಅಕ್ಕನನ್ನೇ ಕೇಳಿ, ಅಳುತ್ತಾ ಹಚ್ಚಿದರು.

ಆಮೇಲಿನ ತಿಂಗಳುಗಳನ್ನು ಸುಖ ಅನ್ನಲಾರೆ. ಸೆಕೆ, ನೊಣ, ಕರೆಂಟು ಹೋದರೆ ಕಫ ಎಳೆಯುವ ಮಿಷನ್ ನಿಲ್ಲುವ ಭಯ. ಅಕ್ಕ ಎಷ್ಟೋ ದಿನ ಏನೂ ಹೇಳದೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಮಾತಾಡು ಅಂತ ನಾನು ಪೀಡಿಸುತ್ತಿದ್ದೆ. ಒಂದು ದಿನ ಸಾಲು ಹೇಳುತ್ತಾ ಹೋದರೆ ಯಾವ ಅಕ್ಷರಕ್ಕೂ ಒಪ್ಪಲಿಲ್ಲ. "ಅಂಕೆಯಾ?" ಅಂದೆ. ಕಣ್ಣು ಮೇಲೆ. ಒಂದೊಂದೇ ಅಂಕೆ ಕೊಟ್ಟಳು. ಮೂರು, ಮೂರು, ಐದು, ಐದು, ಸೊನ್ನೆ, ಮೂರು, ಮೂರು, ಆರು.

ಮೂರು ಕೋಟಿ ಮೂವತ್ತೈದು ಲಕ್ಷದ ಐವತ್ತು ಸಾವಿರದ ಮುನ್ನೂರ ಮೂವತ್ತಾರು. ಯಾವುದಾದರೂ ಫೋನ್ ನಂಬರಿನ ತುಂಡಾ ಅಂತ ಬಾವ ಕೇಳಿದರು. ಮುಚ್ಚಿದಳು. ಬ್ಯಾಂಕಿನದಾ? ಮುಚ್ಚಿದಳು. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹುಡುಕಿ ನೋಡಿ ನಕ್ಕರು. "ಅದು ಪರಿಪೂರ್ಣ ಸಂಖ್ಯೆ ಕಣಮ್ಮ. ಅದನ್ನ ಬಿಟ್ಟು ಅದರ ಬಾಕಿ ಭಾಜಕಗಳನ್ನೆಲ್ಲ ಕೂಡಿದ್ರೆ ಮತ್ತೆ ಅದೇ ಬರುತ್ತೆ. ಅಂಥವು ಬಹಳ ಅಪರೂಪ."

"ಯಾಕಕ್ಕಾ ಇದು?" ಅಂತ ಕೇಳಿದೆ. ಅಕ್ಕ ಕೂಡಿಸಿದಳು: ನೆನಪೈತಾ ನೋಡಿದೆ.

ಸುಮ್ಮನೆ ನಂಬಬೇಡ, ಕೂಡು ಅಂದಳು. ನಾನು ನೆಲದ ಮೇಲೆ ಸ್ಲೇಟು ಇಟ್ಟುಕೊಂಡು ಕೂತೆ. ಅರ್ಧ ಮಾಡು, ಅದರ ಅರ್ಧ ಮಾಡು. ಒಂದು ಕೋಟಿ ಅರವತ್ತೇಳು ಲಕ್ಷದ ಎಪ್ಪತ್ತೈದು ಸಾವಿರದ ನೂರ ಅರವತ್ತೆಂಟರಿಂದ ಇಳಿಯುತ್ತಾ ಇಳಿಯುತ್ತಾ ಎಂಟು ಸಾವಿರದ ನೂರ ತೊಂಬತ್ತೊಂದಕ್ಕೆ ಬಂದಾಗ ಅದು ಬೆಸ, ಅರ್ಧ ಆಗುವುದಿಲ್ಲ. ಅದು ಅವಿಭಾಜ್ಯ, ಯಾವುದರಿಂದಲೂ ಒಡೆಯುವುದಿಲ್ಲ, ಅಲ್ಲಿಗೆ ಬಿಡು ಅಂದಳು. ಇನ್ನೊಂದು ಕಡೆ ಒಂದು, ಎರಡು, ನಾಲ್ಕು, ಎಂಟು ಅಂತ ಎರಡರಷ್ಟು ಮಾಡುತ್ತಾ ನಾಲ್ಕು ಸಾವಿರದ ತೊಂಬತ್ತಾರರವರೆಗೆ ಏರಬೇಕು. ಎಲ್ಲ ಕೂಡಿದೆ. ತಪ್ಪಾಯಿತು. ಮತ್ತೆ ಕೂಡಿದೆ. ತಪ್ಪು ಎಲ್ಲಿ ಅಂತ ಅಕ್ಕನೇ ಕಣ್ಣಿನಿಂದ ಹಿಡಿದಳು. ಕೈಯಲ್ಲಿಟ್ಟುಕೊಂಡ ದಶಕವನ್ನು ಮುಂದಿನ ಮನೆಗೆ ಕೂಡುವುದು ಮರೆತಿದ್ದೆ. ಮೂರನೇ ಸಲ ಅದೇ ಸಂಖ್ಯೆ ಬಂತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾನು ಕಿರುಚಿದೆ. ಅಕ್ಕನ ಮುಖ ನಗುವಂತಿರಲಿಲ್ಲ, ಆದರೆ ಕಣ್ಣು ಮೇಲೆ ಕೆಳಗೆ ಮೇಲೆ ಕೆಳಗೆ ಆಡಿತು.

ಡಾಕ್ಟರ ಆ ಸಂಖ್ಯೆಯಲ್ಲಿ ಏಳನ್ನು ಹೇಗೆ ಕಂಡುಹಿಡಿದೆ ಅಂತಲೂ ಕೇಳಿದೆ. ಅದನ್ನು ಹೇಳಲು ಎರಡು ದಿನ ತೆಗೆದುಕೊಂಡಳು. ಹಿಂದಿನಿಂದ ಮೂರು ಮೂರು ಅಂಕೆ ಬಿಡಿಸು: 767, 832, 51. ಮೊದಲನೆಯದಕ್ಕೆ ಮೂರನೆಯದು ಕೂಡು, ನಡುವಿನದರ ಜೊತೆ ಹೋಲಿಸು. ಹದಿನಾಲ್ಕು ಕಡಿಮೆ ಬೀಳುತ್ತೆ. ಹದಿನಾಲ್ಕು ಏಳರ ಮಗ್ಗಿಯಲ್ಲಿದೆ, ಅಷ್ಟೇ. ಅದೇ ಹದಿನಾಲ್ಕು ಹನ್ನೊಂದಕ್ಕೂ ಸಾಕು: ಎರಡು ಹನ್ನೊಂದು ಇಪ್ಪತ್ತೆರಡರಲ್ಲಿ ಹದಿನಾಲ್ಕು ಕಳೆದರೆ ಶೇಷ ಎಂಟು. ಅವತ್ತು ಭಯಕ್ಕೆ ಮೂರು ಸಲ ತಪ್ಪಿತು, ಮತ್ತೆ ಮೊದಲಿಂದ ಮಾಡಿದೆ ಅಂದಳು. ನಾವು ಉಸಿರು ಕಟ್ಟಿ ನಿಂತಿದ್ದ ಆ ಹೊತ್ತು ಅಕ್ಕ ಒಳಗೆ ತನ್ನ ಜೀವ ಕೈಯಲ್ಲಿ ಹಿಡಿದುಕೊಂಡು ಕಳೆಯುವ ಲೆಕ್ಕ ಮಾಡುತ್ತಿದ್ದಳು.

ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಒಯ್ದೆವು, ವೆಂಟಿಲೇಟರ್ ಹಾಕಿದರು, ಉಳಿದಳು, ತಂದೆವು. ಸ್ವಲ್ಪ ದಿನಕ್ಕೆ ಮತ್ತೆ ಹಾಗೇ ಆಯಿತು. ಎರಡನೇ ಸಲ ಬಂದಮೇಲೆ ಬಾವ, ನಾನು, ಡಾಕ್ಟರು ಮೂವರೂ ಇರುವಾಗ ಅಕ್ಕ ಕೂಡಿಸಿದಳು: ಇನ್ನು ಆಸ್ಪತ್ರೆ ಬೇಡ.

ಬಾವ ಸರಿಯಾಗಿ ಕೇಳಿಸದವರಂತೆ, "ಬೇಡ ಅಂದ್ರೆ?" ಅಂದರು.

ಮನೇಲಿರ್ತೀನಿ, ಅಂದಳು.

ಡಾಕ್ಟರು ಮೂರು ಬೇರೆ ಬೇರೆ ದಿನ ಬಂದು, ನಮ್ಮನ್ನು ಆಚೆ ಕಳಿಸಿ, ಒಬ್ಬರೇ ಕೇಳಿದರು. ಉತ್ತರ ಬದಲಾಗಲಿಲ್ಲ. ನಾನು ಅಕ್ಕನ ಮೇಲೆ ಸಿಟ್ಟಾದೆ. "ನಿನ್ನ ಉಳಿಸೋಕೆ ನಾನು ಅಷ್ಟು ಒದ್ದಾಡಿದೆ" ಅಂತ ಕೂಗಾಡಿದೆ. ಅಕ್ಕ ಮುಚ್ಚಲೂ ಇಲ್ಲ, ಮೇಲೂ ಮಾಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕೂಗಿ ಸಾಕಾದಮೇಲೆ ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಕೇಳಿದೆ: "ಅವತ್ತು ನಾನು ಅಡ್ಡ ಬರಬಾರ್ದಿತ್ತಾ ಅಕ್ಕಾ? ಸುಮ್ನಿದ್ದಿದ್ರೆ ನಿಂಗೆ ಒಳ್ಳೇದಿತ್ತಾ?"

ಬಹಳ ಹೊತ್ತಾದಮೇಲೆ ಸಾಲು ಹೇಳು ಅನ್ನುವಂತೆ ಕಣ್ಣಾಡಿಸಿದಳು. ನಾನು ಹೇಳಿದೆ. ಅವಳು ಕೂಡಿಸಿದ್ದು: ಒಂದೊಂದಿನ ಹೌದು. ಒಂದೊಂದಿನ ಇಲ್ಲ.

ಅದಕ್ಕಿಂತ ನಿಜವಾದ ಉತ್ತರವನ್ನು ನನಗೆ ಯಾರೂ ಕೊಟ್ಟಿಲ್ಲ.

ಮೂರನೇ ಸಲ ಜ್ವರ ಬಂದಾಗ ನಡುಮನೆಯಲ್ಲೇ ಇಟ್ಟುಕೊಂಡೆವು. ಉಸಿರಿನ ಸಂಕಟ ಕಡಿಮೆಯಾಗಲೆಂದು ಡಾಕ್ಟರು ಔಷಧಿ ಕೊಟ್ಟರು. ಬಾವ ಪಕ್ಕ ಕೂತು ತಲೆ ಸವರುತ್ತಾ, ಮದುವೆಯಾದ ಹೊಸದರಲ್ಲಿ ಇಬ್ಬರೂ ಜಗಳವಾಡಿದ್ದನ್ನೆಲ್ಲ ಹೇಳುತ್ತಿದ್ದರು. ಒಂದು ಬೆಳಗ್ಗೆ ಹತ್ತಿರದಲ್ಲಿ ಶಾಲೆಯ ಬಸ್ಸು ಹಾರನ್ ಮಾಡಿತು. ಅಕ್ಕ ಕಣ್ಣು ಬಿಟ್ಟಳು. ಬಾವ "ಏನಾದ್ರೂ ಬೇಕಾ?" ಅಂದರು. ಕಣ್ಣು ಮುಚ್ಚಿದಳು. ಬೇಡ ಅಂತ. ಮತ್ತೆ ತೆರೆಯಲಿಲ್ಲ.

ಅತ್ತೆ ಅಡುಗೆಮನೆಯಿಂದ ಬಂದು ನಮ್ಮಿಬ್ಬರ ಮುಖ ನೋಡಿ ನಿಂತರು. ಬಾವ ನನ್ನ ಕಡೆ ತಿರುಗಿ, "ನಿಮ್ಮ ಮನೆಯವರಿಗೆ ಫೋನ್ ಮಾಡಮ್ಮ" ಅಂದರು. ನಾನು ಎದ್ದು ಹೊರಗೆ ಬಂದೆ. ಬೀದಿಯ ತುಂಬಾ ಶೇಂಗಾ ಎಣ್ಣೆಯ ವಾಸನೆ ಇತ್ತು.